ಬ್ಲ್ಯಾಕ್ ಸ್ಯಾಬತ್ ಆಲ್ಬಂಗಳು ಸ್ಟುಡಿಯೋದಲ್ಲಿ ಹೇಗೆ ತಯಾರಾದವು? ಬನ್ನಿ, ಮಾತಾಡೋಣ

ಸ್ಟೀಲ್_ತಂತಿ

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್ ಗಾಯಕ ಓಜಿ ಆಸ್ಬರ್ನ್ 2025ರ ಜುಲೈನಲ್ಲಿ ತೀರಿಕೊಂಡ ಮೇಲೆ ಎಲ್ಲ ಕಡೆ ಬರಹಗಳು ಬಂದವು. ವೇದಿಕೆ ಮೇಲೆ ಬಾವಲಿ ಕಚ್ಚಿದ್ದು, ಕುಡಿತ, ಟಿವಿ ಶೋ, ಅದೇ ಕಥೆಗಳು. ಅವರ ಬ್ಯಾಂಡಿನ ಹಾಡುಗಳು ಟೇಪಿಗೆ ಹೇಗೆ ಇಳಿದವು ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ನನಗೆ ಆ ಕಥೆಯೇ ಮುಖ್ಯ. ಅದಕ್ಕೇ ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲ ಆಲ್ಬಂನಿಂದಲೇ ಬರೋಣ. 1969ರ ಅಕ್ಟೋಬರ್ 16. ಲಂಡನ್ನಿನ ಟಾಟೆನ್‌ಹ್ಯಾಮ್ ಕೋರ್ಟ್ ರಸ್ತೆಯಲ್ಲಿದ್ದ ರೀಜೆಂಟ್ ಸೌಂಡ್ ಸ್ಟುಡಿಯೋ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ಕಡೆಯ ನಾಲ್ಕು ಹುಡುಗರು: ಗಿಟಾರ್ ಟೋನಿ ಅಯೋಮಿ, ಬೇಸ್ ಗೀಜರ್ ಬಟ್ಲರ್, ಡ್ರಮ್ಸ್ ಬಿಲ್ ವಾರ್ಡ್, ಹಾಡುಗಾರಿಕೆ ಓಜಿ. ಬ್ಲ್ಯಾಕ್ ಸ್ಯಾಬತ್ ಅನ್ನೋ ಹೆಸರು ಇಟ್ಟುಕೊಂಡು ಕೆಲವು ತಿಂಗಳಷ್ಟೇ ಆಗಿತ್ತು. ಅದಕ್ಕೆ ಮುಂಚೆ ‘ಅರ್ಥ್’ ಅಂತ ಕರೆದುಕೊಳ್ಳುತ್ತಿದ್ದರು. ನಿರ್ಮಾಪಕ ರಾಜರ್ ಬೇನ್, ಎಂಜಿನಿಯರ್ ಟಾಮ್ ಆಲಂ. ಒಂದೇ ದಿನದಲ್ಲಿ ಆಲ್ಬಂ ಬಾರಿಸಿ ಮುಗಿಸಿದರು. ಒಂದು ಇಡೀ ದಿನ ಸಿಕ್ಕಿದ್ದೇ ಜಾಸ್ತಿ ಅಂತ ಆಗ ಅನ್ನಿಸಿತ್ತು ಎಂದು ಅಯೋಮಿ ಆಮೇಲೆ ಹೇಳಿಕೊಂಡಿದ್ದಾರೆ. ಮಾರನೇ ದಿನ ಸ್ವಿಟ್ಜರ್ಲೆಂಡಿನಲ್ಲಿ ಕಾರ್ಯಕ್ರಮ ಇತ್ತು. ಹೊರಟೇಬಿಟ್ಟರು.

ಕ್ಲಬ್ಬುಗಳಲ್ಲಿ ದಿನಾ ಬಾರಿಸುತ್ತಿದ್ದದ್ದನ್ನೇ ಇಲ್ಲೂ ಬಾರಿಸಿದ್ದಾರೆ. ಸೇರಿಸಿದ್ದು ತೀರಾ ಕಡಿಮೆ. ‘ಎನ್.ಐ.ಬಿ.’ ಮತ್ತು ‘ಸ್ಲೀಪಿಂಗ್ ವಿಲೇಜ್’ ಹಾಡುಗಳಲ್ಲಿ ಗಿಟಾರ್ ಸೋಲೋ ಎರಡು ಪದರ ಇದೆ. ಮೊದಲ ಹಾಡಿನ ಮಳೆ, ಗುಡುಗು, ಗಂಟೆ ಆಮೇಲೆ ಬಂದವು. ಉಳಿದದ್ದು ಅವತ್ತು ಆ ಕೋಣೆಯಲ್ಲಿ ಕೇಳಿಸಿದ್ದೇ. ‘ವಿಕೆಡ್ ವರ್ಲ್ಡ್’ ಆದ ಮೇಲೆ ಅಯೋಮಿಯ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ತಂತಿಯ ಸದ್ದು ಹಿಡಿಯುವ ಪಿಕಪ್ ಕೆಟ್ಟಿತು. ರಿಪೇರಿಗೆ ಟೈಮ್ ಎಲ್ಲಿತ್ತು? ಜೊತೆಗೆ ತಂದಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡರು. ಮುಂದೆ ಅಯೋಮಿ ಅಂದರೆ ಎಸ್‌ಜಿ, ಎಸ್‌ಜಿ ಅಂದರೆ ಅಯೋಮಿ ಅನ್ನೋ ಹಾಗಾಯಿತು.

ನನ್ನ ವಾದ ಇಷ್ಟು. ಈ ಬ್ಯಾಂಡಿನ ಧ್ವನಿ ಹುಟ್ಟಿದ್ದೇ ಕೊರತೆಯಿಂದ. ಟೈಮ್ ಇರಲಿಲ್ಲ, ದುಡ್ಡಿರಲಿಲ್ಲ, ಅಯೋಮಿಗೆ ಎರಡು ಬೆರಳಿನ ತುದಿಯೇ ಇರಲಿಲ್ಲ. ದುಡ್ಡು, ಟೈಮ್ ಕೈಗೆ ಬಂದ ಮೇಲೆ ಧ್ವನಿ ಬೇರೆಯಾಯಿತು. ಒಳ್ಳೆಯದಾಯಿತೋ ಕೆಟ್ಟದಾಯಿತೋ ಅನ್ನೋದನ್ನು ನೀವು ಹೇಳಿ.

ಟೇಪ್_ರೀಲ್_ಹುಬ್ಬಳ್ಳಿ

ಒಳ್ಳೇ ಎಳೆ ಶುರು ಮಾಡಿದಿರಿ ಸರ್. ನಾನು ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತೇನೆ. ಭಾವಗೀತೆ, ನಾಟಕದ ಹಾಡು, ಭಜನೆ, ಇವೇ ನಮ್ಮಲ್ಲಿ ಜಾಸ್ತಿ. ಆದರೂ ಆ ಮೊದಲ ಆಲ್ಬಂ ಅನ್ನು ನಾನು ಪಾಠದ ಹಾಗೆ ಕೇಳುತ್ತೇನೆ.

ಅದು ನಾಲ್ಕು ಟ್ರ್ಯಾಕ್ ಟೇಪಿನಲ್ಲಿ ಆದ ಕೆಲಸ, ಅಂದರೆ ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿಯೋಕೆ ಟೇಪಿನಲ್ಲಿ ನಾಲ್ಕೇ ಪಟ್ಟಿ. ಈಗಿನ ಹುಡುಗರಿಗೆ ಇದರ ಕಷ್ಟ ಅಂದಾಜಿಗೆ ಸಿಗೋದು ಸ್ವಲ್ಪ ಕಷ್ಟ. ಇವತ್ತು ನಾವು ಬರೀ ಡ್ರಮ್ಸಿಗೇ ಎಂಟು-ಹತ್ತು ಮೈಕ್ ಇಟ್ಟು, ಒಂದೊಂದಕ್ಕೂ ಬೇರೆ ಟ್ರ್ಯಾಕ್ ಕೊಡುತ್ತೇವೆ. ಆಮೇಲೆ ನಿಧಾನಕ್ಕೆ ಕೂತು ಇದನ್ನು ಏರಿಸು, ಅದನ್ನು ಇಳಿಸು ಅಂತ ಮಾಡುತ್ತೇವೆ. ನಾಲ್ಕೇ ಟ್ರ್ಯಾಕ್ ಇದ್ದಾಗ ಡ್ರಮ್ಸಿನ ಎಲ್ಲ ಮೈಕುಗಳನ್ನೂ ಬಾರಿಸುವಾಗಲೇ ಬೆರೆಸಿಬಿಡಬೇಕು. ಬೆರೆಸಿದ ಮೇಲೆ ಬೇರೆ ಮಾಡೋಕೆ ಆಗೋದಿಲ್ಲ. ತಾಳದ ಬಟ್ಟಲು ಜೋರಾಯಿತು ಅಂದರೆ ಜೋರಾಯಿತು, ಅಷ್ಟೇ. ಒಬ್ಬರು ತಪ್ಪಿದರೆ ನಾಲ್ಕೂ ಜನ ಮೊದಲಿನಿಂದ ಬಾರಿಸಬೇಕು.

ಹಾಗಾಗಿ ಎಂಜಿನಿಯರ್ ಮೊದಲೇ ತೀರ್ಮಾನ ಮಾಡಿರಬೇಕಾಗುತ್ತದೆ. ಬೇನ್ ಮತ್ತು ಆಲಂ ಮಾಡಿದ ದೊಡ್ಡ ಕೆಲಸ ಅಂದರೆ ಬ್ಯಾಂಡಿನ ದಾರಿಗೆ ಅಡ್ಡ ಬರದೇ ಇದ್ದದ್ದು. ‘ವಾರ್ನಿಂಗ್’ ಹಾಡಿನ ಮಧ್ಯೆ ಹತ್ತತ್ತಿರ ಏಳೆಂಟು ನಿಮಿಷ ಅಯೋಮಿ ಸುಮ್ನೆ ಬಾರಿಸುತ್ತಾ ಹೋಗುತ್ತಾರೆ.

ಹೆಡ್‌ಫೋನ್ ಹಾಕಿಕೊಂಡು ಬಿಲ್ ವಾರ್ಡ್ ಅವರ ಡ್ರಮ್ಸ್ ಕೇಳಿ. ಜಾಝ್ ಡ್ರಮ್ಮರ್ ಜೀನ್ ಕ್ರೂಪಾ ಅವರನ್ನು ಕೇಳಿ ಬೆಳೆದ ಕೈ ಅದು. ಹೆವಿ ಮೆಟಲ್ ಅಂದರೆ ದಪದಪ ಬಡಿಯೋದು ಅಂದುಕೊಂಡವರು ‘ವಿಕೆಡ್ ವರ್ಲ್ಡ್’ ಶುರುವನ್ನು ಒಂದು ಸಲ ಕೇಳಬೇಕು. ಆ ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ತಾಳ) ತೂಗುವ ರೀತಿ ಅಪ್ಪಟ ಜಾಝ್. ಆದರೆ ಆ ಹಾಡು ಬ್ರಿಟನ್ನಿನ ಮೂಲ ಆಲ್ಬಂನಲ್ಲಿ ಇಲ್ಲ, ಅಮೆರಿಕದ ಆವೃತ್ತಿಯಲ್ಲಿದೆ. ಬ್ರಿಟನ್ನಿನವರಿಗೆ ಅದರ ಬದಲು ‘ಈವಿಲ್ ವುಮನ್’ ಸಿಕ್ಕಿತು.

ವೀಣೆ_ಮನೆ

ನಾನು ವೀಣೆ ಕಲಿತವಳು. ಈ ಬ್ಯಾಂಡ್ ಪರಿಚಯ ಆಗಿದ್ದು ಮಗನಿಂದ. ಮೊದಲ ಹಾಡಿನ ಸ್ವರಗಳ ಬಗ್ಗೆ ಒಂದೆರಡು ಮಾತು ಹೇಳಬೇಕು ಅನ್ನಿಸಿತು.

‘ಬ್ಲ್ಯಾಕ್ ಸ್ಯಾಬತ್’ ಹಾಡಿನ ರಿಫ್‌ನಲ್ಲಿ (ಮತ್ತೆ ಮತ್ತೆ ಬರುವ ಸಣ್ಣ ಗಿಟಾರ್ ಸ್ವರಗುಚ್ಛದಲ್ಲಿ) ಮುಖ್ಯವಾಗಿ ಇರೋದು ಮೂರೇ ಹೆಜ್ಜೆ. ಷಡ್ಜ, ತಾರಸ್ಥಾಯಿ ಷಡ್ಜ, ಆಮೇಲೆ ಇಳಿದು ಪ್ರತಿ ಮಧ್ಯಮ. ಯುರೋಪಿನ ಸಂಗೀತದಲ್ಲಿ ಈ ಅಂತರಕ್ಕೆ ಸೈತಾನನ ಹೆಸರು ಅಂಟಿದೆ. ಅದಕ್ಕೇ ಎಲ್ಲ ಲೇಖನಗಳಲ್ಲೂ ‘ಭಯ ಹುಟ್ಟಿಸುವ ಸ್ವರ’ ಅಂತ ಬರೆಯುತ್ತಾರೆ. ನಮಗೆ ಪ್ರತಿ ಮಧ್ಯಮ ಭಯ ಅಲ್ಲವೇ ಅಲ್ಲ. ಕಲ್ಯಾಣಿಯಲ್ಲಿ ಅದೇ ಸ್ವರ ಎಷ್ಟು ಮಂಗಳಕರ!

ಹಾಗಾದರೆ ಇಲ್ಲಿ ಮೈ ಜುಮ್ಮೆನ್ನೋದು ಯಾಕೆ? ನನಗೆ ಅನ್ನಿಸೋದು ಇದು. ಕಲ್ಯಾಣಿಯಲ್ಲಿ ಆ ಮಧ್ಯಮದ ಸುತ್ತ ಗಾಂಧಾರ, ಪಂಚಮ, ನಿಷಾದ ಎಲ್ಲ ಇರುತ್ತವೆ. ಹಿಂದೆ ತಂಬೂರಿ ಸ-ಪ ಹಿಡಿದುಕೊಂಡಿರುತ್ತದೆ. ಎಷ್ಟು ಮೇಲೆ ಹೋದರೂ ಕೂರೋಕೆ ಜಾಗ ಇದೆ. ಇಲ್ಲಿ ಅದೆಲ್ಲ ಇಲ್ಲ. ಮಧ್ಯಮದ ಮೇಲೆ ತಂದು ನಿಲ್ಲಿಸಿ ಅಲ್ಲೇ ಬಿಟ್ಟುಬಿಡುತ್ತಾರೆ. ಮೆಲ್ಲಗೆ ಬಾರಿಸುವ ಭಾಗದಲ್ಲಿ ಆ ಸ್ವರವನ್ನು ಅಲುಗಿಸುತ್ತಾರೆ, ಪಂಚಮದ ಅಂಚು ತಾಗುತ್ತದೆ, ಆದರೆ ಪಂಚಮದಲ್ಲಿ ನಿಲ್ಲೋದಿಲ್ಲ. ಜೊತೆಗೆ ತೀರಾ ವಿಳಂಬ ಗತಿ. ಒಂದು ಸ್ವರ ಆಗಿ ಇನ್ನೊಂದು ಬರೋ ತನಕ ಕಾಯಬೇಕು.

ಗೀಜರ್ ಅವರಿಗೆ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರರ ‘ಮಾರ್ಸ್’ ಕೃತಿ ಬಹಳ ಇಷ್ಟ ಇತ್ತಂತೆ. ಅದನ್ನು ಬೇಸ್ ಮೇಲೆ ನುಡಿಸುತ್ತಿದ್ದದ್ದನ್ನು ಅಯೋಮಿ ಕೇಳಿದರು, ಅದರಿಂದ ಈ ರಿಫ್ ಹೊಳೆಯಿತು ಅಂತ ಗೀಜರ್ ಅವರೇ ಹೇಳಿದ್ದಾರೆ.

ಎಫ್_ಬಾರ್_ಕಾರ್ಡ್

ಮೇಡಂ, ಇಷ್ಟು ಚೆನ್ನಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಗಿಟಾರ್ ಹಿಡಿದು ಒಂದು ವರ್ಷ ಆಗಿದೆ ಅಷ್ಟೇ. ‘ಚಿಲ್ಡ್ರನ್ ಆಫ್ ದ ಗ್ರೇವ್’ ಬಾರಿಸೋಕೆ ಹೋದರೆ ಆಲ್ಬಂ ಜೊತೆ ಶ್ರುತಿ ಕೂಡೋದೇ ಇಲ್ಲ. ತಂತಿ ಇಳಿಸಬೇಕು ಅಂತಾರೆ. ಯಾಕೆ ಇಳಿಸಿದರು? ಬೆರಳಿನ ಕಥೆಯನ್ನೂ ಯಾರಾದರೂ ಸರಿಯಾಗಿ ಹೇಳಿ ಗುರುಗಳೇ.

ಸ್ಟೀಲ್_ತಂತಿ

ಎರಡೂ ಒಂದೇ ಕಥೆ.

ಅಯೋಮಿ 17ರ ವಯಸ್ಸಿನಲ್ಲಿ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅವತ್ತು ಅಲ್ಲಿ ಅವರ ಕೊನೆಯ ದಿನ. ಪ್ರೆಸ್ ಮಷೀನಿಗೆ ಸಿಕ್ಕಿ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ತುದಿ ಹೋಯಿತು. ಅವರು ಎಡಚರು. ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಡಾಕ್ಟರುಗಳು ಗಿಟಾರ್ ಮರೆತುಬಿಡು ಅಂದರು. ಆಗ ಕಾರ್ಖಾನೆಯ ಮೇಲ್ವಿಚಾರಕರೊಬ್ಬರು ಒಂದು ರೆಕಾರ್ಡ್ ತಂದು ಕೇಳಿಸಿದರು. ಅದು ಜಾಂಗೋ ರೈನ್‌ಹಾರ್ಟ್ ಅವರದು. ಬೆಂಕಿ ಅನಾಹುತದಲ್ಲಿ ಕೈ ಸುಟ್ಟು, ಬರೀ ಎರಡು ಬೆರಳಿನಲ್ಲಿ ಸೋಲೋ ನುಡಿಸಿದ ಮಹಾನುಭಾವ.

ಅಯೋಮಿ ಮನೆಗೆ ಹೋಗಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದರು. ಬಿಸಿ ಸಾಲ್ಡರಿಂಗ್ ಕಡ್ಡಿಯಿಂದ ಅದರಲ್ಲಿ ತೂತು ಕೊರೆದು ಬೆರಳು ಹಿಡಿಯುವ ಹಾಗೆ ಮಾಡಿದರು. ಉಪ್ಪು ಕಾಗದದಲ್ಲಿ ಉಜ್ಜಿ ಉಜ್ಜಿ ಆಕಾರಕ್ಕೆ ತಂದರು. ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೇ ಚರ್ಮದ ಜಾಕೆಟ್ಟಿನಿಂದ ತುಂಡು ಕತ್ತರಿಸಿ ಅಂಟಿಸಿದರು. ಆ ಟೋಪಿ ಹಾಕಿಕೊಂಡೇ ಜೀವನ ಪೂರ್ತಿ ಬಾರಿಸಿದ್ದಾರೆ.

ಆ ಟೋಪಿಯ ಕೆಳಗೆ ತಂತಿ ಇದೆಯೋ ಇಲ್ಲವೋ ಗೊತ್ತಾಗೋದಿಲ್ಲ. ದಪ್ಪ ತಂತಿ ಒತ್ತಿದರೆ ನೋವು. ಆಗ ಅಂಗಡಿಗಳಲ್ಲಿ ತೆಳು ತಂತಿ ಸಿಗುತ್ತಿರಲಿಲ್ಲ. ಬ್ಯಾಂಜೋ ತಂತಿ ತಂದು ಹಾಕಿಕೊಂಡರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಶ್ರುತಿಯನ್ನೇ ಮೂರು ಸ್ವರಸ್ಥಾನ ಇಳಿಸಿದರು. ತಂತಿ ಸಡಿಲ ಆಯಿತು, ಬೆರಳಿಗೆ ಸುಲಭ ಆಯಿತು. ಗೀಜರ್ ಕೂಡ ಬೇಸ್ ಇಳಿಸಿದರು. ಇಬ್ಬರೂ ಒಂದೇ ರಿಫ್ ಹಿಡಿದಾಗ ನೆಲ ಅಲುಗುವ ಧ್ವನಿ ಬಂತು. ‘ಚಿಲ್ಡ್ರನ್ ಆಫ್ ದ ಗ್ರೇವ್’, ‘ಲಾರ್ಡ್ ಆಫ್ ದಿಸ್ ವರ್ಲ್ಡ್’, ‘ಇಂಟು ದ ವಾಯ್ಡ್’ ಮೂರೂ ಹಾಗೆ ಇಳಿಸಿದ ಹಾಡುಗಳು. ಇವತ್ತಿನ ಡೂಮ್, ಸ್ಲಡ್ಜ್, ಸ್ಟೋನರ್ ಅನ್ನೋ ನಿಧಾನದ, ಭಾರದ ಮೆಟಲ್ ಬಗೆಗಳೆಲ್ಲದರ ಬೇರು ಅಲ್ಲಿದೆ. ನಮ್ಮ ಬೆಂಗಳೂರಿನ ಬೇವರ್ ಸೀ ಬ್ಯಾಂಡ್ ಕೇಳಿದವರಿಗೆ ನಾನೇನು ಹೇಳುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ.

ಆದ್ದರಿಂದ ನೀವು ಆರೂ ತಂತಿ ಮೂರು ಮನೆ ಇಳಿಸಿ. ತೆಳು ತಂತಿ ಹಾಕಿದ್ದರೆ ಸ್ವಲ್ಪ ಜೋಲಾಡುತ್ತದೆ, ಅದು ಇರಲಿ. ಗಟ್ಟಿಯಾಗಿ ಒತ್ತಬೇಡಿ, ಶ್ರುತಿ ಏರಿಬಿಡುತ್ತದೆ.

ಬಿ_ಸೈಡ್

ಶ್ರುತಿ ಇಳಿಸಿದ ಆಲ್ಬಂನ ಮೊದಲ ಸದ್ದು ಕೆಮ್ಮು ಅನ್ನೋದನ್ನು ಬಿಡಬೇಡಿ. ‘ಸ್ವೀಟ್ ಲೀಫ್’ ಶುರುವಿನಲ್ಲಿ ಕೇಳೋ ಕೆಮ್ಮು ಅಯೋಮಿಯದೇ. ಸ್ಟುಡಿಯೋದಲ್ಲಿ ಗಾಂಜಾ ಸೇದಿ ಕೆಮ್ಮಿದ್ದು ಟೇಪಿನಲ್ಲಿ ಉಳಿಯಿತು. ಅದನ್ನೇ ಸುತ್ತಿಸಿ ಹಾಡಿನ ಬಾಗಿಲಿಗೆ ಇಟ್ಟರು. ಅದೇ ಆಲ್ಬಂನಲ್ಲಿ ‘ಸಾಲಿಟ್ಯೂಡ್’ ಅನ್ನೋ ಮೆಲು ಹಾಡೂ ಇದೆ. ಅದರಲ್ಲಿ ಕೊಳಲು ನುಡಿಸಿದ್ದು ಕೂಡ ಅಯೋಮಿ.

ಈಗ ‘ಪ್ಯಾರನಾಯ್ಡ್’ಗೆ ಬರೋಣ. 1970ರ ಫೆಬ್ರವರಿ 13ಕ್ಕೆ ಮೊದಲ ಆಲ್ಬಂ ಬಿಡುಗಡೆ. ವಿಮರ್ಶಕರು ಬೈದರು, ಜನ ಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನ. ಜೂನ್‌ನಲ್ಲೇ ಎರಡನೇ ಆಲ್ಬಂ ರೆಕಾರ್ಡಿಂಗ್. ರೀಜೆಂಟ್ ಸೌಂಡ್ ಜೊತೆಗೆ ಈ ಸಲ ಐಲೆಂಡ್ ಸ್ಟುಡಿಯೋ ಕೂಡ.

ಎಲ್ಲ ಮುಗಿಯುತ್ತಾ ಬಂದಾಗ ನಿರ್ಮಾಪಕರು ಇನ್ನೊಂದು ಮೂರು ನಿಮಿಷದ ಹಾಡು ಬೇಕು ಅಂದರು. ಉಳಿದವರು ಊಟಕ್ಕೆ ಹೋಗಿದ್ದರು. ಅಯೋಮಿ ಒಬ್ಬರೇ ಕೂತು ಒಂದು ರಿಫ್ ಹಿಡಿದರು. ಅವರು ಬಂದ ಮೇಲೆ ಎಲ್ಲರೂ ಸೇರಿ ಅರ್ಧ ಗಂಟೆ ಆಗೋದರೊಳಗೆ ಹಾಡು ಕಟ್ಟಿದರು. ಗೀಜರ್ ಗಡಿಬಿಡಿಯಲ್ಲಿ ಸಾಲು ಗೀಚಿಕೊಟ್ಟರು, ಓಜಿ ಕಾಗದ ನೋಡಿಕೊಂಡೇ ಹಾಡಿದರು. ಅದೇ ‘ಪ್ಯಾರನಾಯ್ಡ್’. ಸಿಂಗಲ್ (ಬಿಡಿ ಹಾಡು) ಆಗಿ ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಹೋಯಿತು, ಆಲ್ಬಂ 1ನೇ ಸ್ಥಾನಕ್ಕೆ.

ಆಲ್ಬಂಗೆ ಮೊದಲು ಇಟ್ಟಿದ್ದ ಹೆಸರು ‘ವಾರ್ ಪಿಗ್ಸ್’. ಹೆಸರು ಬದಲಾಯಿತು, ಚಿತ್ರ ಬದಲಾಗಲಿಲ್ಲ. ಅದಕ್ಕೇ ಮುಖಪುಟದಲ್ಲಿ ಕತ್ತಿ, ಗುರಾಣಿ ಹಿಡಿದ ಮನುಷ್ಯ ಓಡಿ ಬರುತ್ತಿದ್ದಾನೆ. ಚಿಕ್ಕವನಿದ್ದಾಗ ಕ್ಯಾಸೆಟ್ಟಿನ ಆ ಚಿತ್ರ ನೋಡಿ ಇದಕ್ಕೂ ಹಾಡಿಗೂ ಏನು ಸಂಬಂಧ ಅಂತ ಬಹಳ ತಲೆ ಕೆಡಿಸಿಕೊಂಡಿದ್ದೆ.

‘ಪ್ಲಾನೆಟ್ ಕ್ಯಾರವಾನ್’ನಲ್ಲಿ ಓಜಿಯ ದನಿ ನೀರೊಳಗಿನಿಂದ ಬಂದ ಹಾಗಿದೆಯಲ್ಲ? ಅದನ್ನು ಆರ್ಗನ್ ವಾದ್ಯಕ್ಕೆ ಬಳಸುವ, ಒಳಗೆ ತಿರುಗುವ ಲೆಸ್ಲಿ ಸ್ಪೀಕರ್ ಮೂಲಕ ಹಾಯಿಸಿದ್ದಾರೆ. ಪಿಯಾನೋ ನುಡಿಸಿದ್ದು ಎಂಜಿನಿಯರ್ ಟಾಮ್ ಆಲಂ. ಇದೇ ಆಲಂ ಮುಂದೆ ಜೂಡಸ್ ಪ್ರೀಸ್ಟ್‌ಗೆ ‘ಬ್ರಿಟಿಷ್ ಸ್ಟೀಲ್’ ಮಾಡಿಕೊಟ್ಟರು. ಪ್ರೀಸ್ಟ್‌ನ ಮೊದಲ ಆಲ್ಬಂ ಮಾಡಿದ್ದು ರಾಜರ್ ಬೇನ್. ಬರ್ಮಿಂಗ್‌ಹ್ಯಾಮ್ ಕಡೆಯ ಎರಡು ದೊಡ್ಡ ಬ್ಯಾಂಡುಗಳ ಹಿಂದೆ ಇವೇ ಎರಡು ಕೈ.

ಸರ್ಪಸುತ್ತು

ಇಲ್ಲಿ ತನಕ ಎಲ್ಲ ಒಪ್ಪಿದೆ. ಆದರೆ ಸ್ಟೀಲ್_ತಂತಿ ಅವರ ಮೂಲ ವಾದವನ್ನು ನಾನು ಒಪ್ಪೋದಿಲ್ಲ. ಕೊರತೆಯೇ ಕಲೆ ಅನ್ನೋ ಮಾತು ಕೇಳೋಕೆ ಚೆಂದ. ಆದರೆ ಈ ಬ್ಯಾಂಡಿನ ಅತ್ಯುತ್ತಮ ಕೆಲಸ ಟೈಮ್ ಸಿಕ್ಕಿದ ಮೇಲೇ ಆದದ್ದು. ಒಂದೊಂದಾಗಿ ಹೇಳುತ್ತೇನೆ.

1972ರ ‘ವಾಲ್ಯೂಮ್ 4’. ನಿರ್ಮಾಪಕ ಬೇನ್ ಅವರನ್ನು ಬಿಟ್ಟು ಲಾಸ್ ಏಂಜಲೀಸ್‌ಗೆ ಹೋದರು. ಬೆಲ್ ಏರ್‌ನಲ್ಲಿ ದೊಡ್ಡ ಬಂಗಲೆ ಬಾಡಿಗೆಗೆ ಹಿಡಿದರು, ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಬಾರಿಸಿದರು. ಆ ದಿನಗಳ ಕೊಕೇನ್ ಹುಚ್ಚು ಎಲ್ಲರಿಗೂ ಗೊತ್ತು. ಆಲ್ಬಂಗೆ 60,000 ಡಾಲರ್, ಕೊಕೇನ್‌ಗೆ 75,000 ಡಾಲರ್ ಆಯಿತು ಅಂತ ಗೀಜರ್ ಹೇಳಿದ್ದಾರೆ. ‘ಸ್ನೋಬ್ಲೈಂಡ್’ ಅಂತ ಆಲ್ಬಂಗೆ ಹೆಸರಿಡಲು ಹೊರಟಾಗ, ಅದು ಕೊಕೇನ್ ಸುಳಿವು ಅಂತ ಕಂಪನಿ ಬೇಡ ಅಂದಿತು. ಆ ಚಟ ಅವರನ್ನು ಮುಂದೆ ತಿಂದುಹಾಕಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಂಗಲೆಯಲ್ಲಿ ಒಂದು ಪಿಯಾನೋ ಇತ್ತು. ಅಯೋಮಿ ಅದರ ಮುಂದೆ ಕೂತು ತಾವೇ ಕಲಿತರು, ‘ಚೇಂಜಸ್’ ಹುಟ್ಟಿತು. ಗಿಟಾರೇ ಇಲ್ಲದ ಬ್ಲ್ಯಾಕ್ ಸ್ಯಾಬತ್ ಹಾಡು! ಒಂದೇ ದಿನ ಕೊಟ್ಟಿದ್ದರೆ ಇದು ಆಗುತ್ತಿತ್ತಾ?

1973ರಲ್ಲಿ ಮತ್ತೆ ಅದೇ ಲಾಸ್ ಏಂಜಲೀಸ್‌ಗೆ ಹೋದರೆ ಅಯೋಮಿಗೆ ಒಂದು ರಿಫ್ಫೂ ಹೊಳೆಯಲಿಲ್ಲ. ಇಂಗ್ಲೆಂಡಿಗೆ ವಾಪಸ್ ಬಂದು ಗ್ಲೌಸ್ಟರ್‌ಶೈರ್‌ನ ಕ್ಲಿಯರ್‌ವೆಲ್ ಕೋಟೆ ಬಾಡಿಗೆಗೆ ಹಿಡಿದರು. ನೆಲಮಾಳಿಗೆಯಲ್ಲಿ ವಾದ್ಯಗಳನ್ನು ಜೋಡಿಸಿದರು. ಅಲ್ಲಿ ಬಂದದ್ದೇ ‘ಸ್ಯಾಬತ್ ಬ್ಲಡಿ ಸ್ಯಾಬತ್’ ರಿಫ್. ಅದು ಸಿಕ್ಕಿದ ಮೇಲೆ ಉಳಿದ ಹಾಡುಗಳೂ ಬಂದವು. ರೆಕಾರ್ಡಿಂಗ್ ಆಗಿದ್ದು ಲಂಡನ್ನಿನ ಮಾರ್ಗನ್ ಸ್ಟುಡಿಯೋದಲ್ಲಿ. ಅಲ್ಲೇ ಯೆಸ್ ಬ್ಯಾಂಡ್ ಕೂಡ ಕೆಲಸ ಮಾಡುತ್ತಿತ್ತು. ಅವರ ರಿಕ್ ವೇಕ್‌ಮನ್ ಈ ಕಡೆ ಬಂದು ‘ಸ್ಯಾಬ್ರಾ ಕಡಾಬ್ರಾ’ಗೆ ಕೀಬೋರ್ಡ್ ನುಡಿಸಿಕೊಟ್ಟರು. ದುಡ್ಡು ಬೇಡ ಅಂದು ಬಿಯರ್ ತೆಗೆದುಕೊಂಡರಂತೆ. ‘ಸ್ಪೈರಲ್ ಆರ್ಕಿಟೆಕ್ಟ್’ನಲ್ಲಿ ಪಿಟೀಲುಗಳ ಗುಂಪೇ ಇದೆ.

ಆಮೇಲೆ 1975ರ ‘ಸ್ಯಾಬೊಟಾಜ್’. ಇದು ನನ್ನ ಪ್ರಾಣ. ಹಳೇ ಮ್ಯಾನೇಜರ್ ಜೊತೆ ಕೋರ್ಟು ಕೇಸು ನಡೆಯುತ್ತಿತ್ತು. ಸ್ಟುಡಿಯೋದಲ್ಲಿ ಬಾರಿಸುತ್ತಿರುವಾಗಲೇ ನೋಟಿಸ್ ಹಿಡಿದು ವಕೀಲರ ಕಡೆಯವರು ಬರುತ್ತಿದ್ದರು. ಆ ಸಿಟ್ಟು ಪೂರ್ತಿ ‘ದ ರಿಟ್’ ಹಾಡಿನಲ್ಲಿದೆ. ಓಜಿ ಅಷ್ಟು ಎತ್ತರದಲ್ಲಿ, ಅಷ್ಟು ಕಿತ್ತುಕೊಂಡು ಹಾಡಿದ್ದನ್ನು ಬೇರೆ ಎಲ್ಲೂ ಕೇಳಿಲ್ಲ. ‘ಸಿಂಪ್ಟಮ್ ಆಫ್ ದ ಯೂನಿವರ್ಸ್’ ಶುರುವಿನ ರಿಫ್ ಕೇಳಿ, ಥ್ರ್ಯಾಶ್ ಮೆಟಲ್‌ನ ಮೂಲ ಅಲ್ಲಿದೆ. ‘ಸೂಪರ್‌ಝಾರ್’ನಲ್ಲಿ ಇಂಗ್ಲಿಷ್ ಚೇಂಬರ್ ಕಾಯರ್ ಹಾಡಿದೆ. ಗಾಯಕರ ದೊಡ್ಡ ಮೇಳ, ಅದರ ಕೆಳಗೆ ಅಯೋಮಿಯ ಗಿಟಾರ್. ಇದನ್ನೆಲ್ಲ ನಾಲ್ಕು ಟ್ರ್ಯಾಕಿನಲ್ಲಿ ಒಂದು ದಿನದಲ್ಲಿ ಮಾಡಿ ತೋರಿಸಿ ನೋಡೋಣ!

ಟೇಪ್_ರೀಲ್_ಹುಬ್ಬಳ್ಳಿ

ಸರ್ಪಸುತ್ತು ಅವರು ಹೇಳಿದ ಮೂರೂ ಆಲ್ಬಂ ನನಗೂ ಇಷ್ಟ. ಆದರೆ ಕಥೆಯನ್ನು ‘ಸ್ಯಾಬೊಟಾಜ್’ಗೆ ನಿಲ್ಲಿಸಿದರೆ ಹೇಗೆ? ಮುಂದಿನ ಎರಡನ್ನೂ ನೋಡಬೇಕಲ್ಲ.

1976ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋ. ‘ಟೆಕ್ನಿಕಲ್ ಎಕ್ಸ್‌ಟಸಿ’. ಪಕ್ಕದ ಕೋಣೆಯಲ್ಲಿ ಈಗಲ್ಸ್ ಬ್ಯಾಂಡಿನವರು ‘ಹೋಟೆಲ್ ಕ್ಯಾಲಿಫೋರ್ನಿಯಾ’ ಮಾಡುತ್ತಿದ್ದರು. ಇವರ ಸದ್ದು ಗೋಡೆ ದಾಟಿ ಹೋಗಿ, ಅವರು ರೆಕಾರ್ಡಿಂಗ್ ನಿಲ್ಲಿಸಬೇಕಾಗುತ್ತಿತ್ತು. ಕಥೆ ಚೆನ್ನಾಗಿದೆ. ಆದರೆ ಆಲ್ಬಂ ಕೇಳಿದರೆ ಒಂದು ಕೋಣೆಯಲ್ಲಿ ನಾಲ್ಕು ಜನ ಕೂತ ಹಾಗೆ ಅನ್ನಿಸೋದಿಲ್ಲ. ನಿರ್ಮಾಣದ ಹೊರೆ ಅಯೋಮಿ ಒಬ್ಬರ ತಲೆ ಮೇಲಿತ್ತು, ಉಳಿದವರು ಬೀಚಿನಲ್ಲಿದ್ದರು.

1978ರ ‘ನೆವರ್ ಸೇ ಡೈ’ ಇನ್ನೂ ಕಷ್ಟದ್ದು. ಓಜಿ ಬಿಟ್ಟುಹೋದರು, ಡೇವ್ ವಾಕರ್ ಅನ್ನೋರು ಬಂದರು. ರೆಕಾರ್ಡಿಂಗಿಗೆ ಮುಂಚೆ ಓಜಿ ವಾಪಸ್ ಬಂದರು. ವಾಕರ್ ಜೊತೆ ಬರೆದ ಹಾಡುಗಳನ್ನು ತಾನು ಹಾಡೋದಿಲ್ಲ ಅಂದರು. ಎಲ್ಲ ಹೊಸದಾಗಿ ಶುರು. ಚಳಿಗಾಲದ ಟೊರಾಂಟೊ. ಹಗಲು ಒಂದು ಕಡೆ ಹಾಡು ಕಟ್ಟೋದು, ಆಮೇಲೆ ಸ್ಟುಡಿಯೋಗೆ ಹೋಗಿ ರೆಕಾರ್ಡ್ ಮಾಡೋದು. ಹಾಡು ಕೈಗೆ ಕೂರೋಕೆ ಟೈಮೇ ಸಿಗಲಿಲ್ಲ. ‘ಸ್ವಿಂಗಿಂಗ್ ದ ಚೈನ್’ ಹಾಡಿದ್ದು ಕೊನೆಗೆ ಬಿಲ್ ವಾರ್ಡ್.

ನಾನು ಹೇಳೋದಿಷ್ಟು. ಮೊದಲ ಆಲ್ಬಂ ಒಂದು ದಿನದಲ್ಲಿ ಆಗಲಿಲ್ಲ. ರೆಕಾರ್ಡಿಂಗ್ ಮಾತ್ರ ಒಂದು ದಿನ. ಆ ಹಾಡುಗಳನ್ನು ಕ್ಲಬ್ಬುಗಳಲ್ಲಿ ಜನರ ಮುಂದೆ ಬಾರಿಸಿ ಬಾರಿಸಿ ಹದ ಮಾಡಿಕೊಂಡು ಬಂದಿದ್ದರು. ನನ್ನ ಸ್ಟುಡಿಯೋಗೆ ಬರೋ ಭಜನಾ ಮಂಡಳಿಯವರು ಒಂದೇ ಟೇಕ್‌ನಲ್ಲಿ ಮುಗಿಸುತ್ತಾರೆ. ಯಾಕೆಂದರೆ ಪ್ರತಿ ಶನಿವಾರ ಹಾಡಿರುತ್ತಾರೆ. ಟೊರಾಂಟೊದಲ್ಲಿ ಸ್ಯಾಬತ್‌ಗೆ ಇಲ್ಲದೇ ಹೋದದ್ದು ಅದು.

ಸ್ಟೀಲ್_ತಂತಿ

ಇದು ಸರಿಯಾದ ಮಾತು. ಇದಕ್ಕೊಂದು ಸೇರಿಸುತ್ತೇನೆ. ‘ವಾರ್ ಪಿಗ್ಸ್’ ಮೊದಲು ‘ವಾಲ್‌ಪರ್ಗಿಸ್’ ಅಂತಿತ್ತು, ಸಾಲುಗಳೇ ಬೇರೆ ಇದ್ದವು. ವೇದಿಕೆ ಮೇಲೆ ಬಾರಿಸುತ್ತಾ ಬಾರಿಸುತ್ತಾ ಅದು ಯುದ್ಧದ ವಿರುದ್ಧದ ಹಾಡಾಗಿ ಬೆಳೆಯಿತು. ಸ್ಟುಡಿಯೋಗೆ ಬಂದಾಗ ಅದು ಆಗಲೇ ಬಲಿತಿತ್ತು.

ಆದರೂ ಸರ್ಪಸುತ್ತು, ‘ಸ್ಯಾಬೊಟಾಜ್’ ವಿಷಯದಲ್ಲಿ ನಿಮ್ಮ ವಾದವೇ ನನ್ನ ಕಡೆ ವಾಲುತ್ತದೆ. ಟೈಮ್ ಇದ್ದರೂ ಬೆನ್ನ ಮೇಲೆ ಕೋರ್ಟು ಇತ್ತು. ಆ ಒತ್ತಡ ಇಲ್ಲದ ಮಯಾಮಿಯಲ್ಲಿ ಏನಾಯಿತು ಅಂತ ಈಗಷ್ಟೇ ಓದಿದೆವಲ್ಲ.

ಸರ್ಪಸುತ್ತು

ಒತ್ತಡ ಬೇರೆ, ಕೊರತೆ ಬೇರೆ ಸರ್. ನಾನು ಪಟ್ಟು ಬಿಡೋದಿಲ್ಲ.

ಪುರುಷೋತ್ತರ_ಡಿಯೋ

ಓಜಿ ಹೋದ ಮೇಲೆ ಬ್ಯಾಂಡ್ ಮುಗಿಯಿತು ಅಂತ ಯಾರೂ ಹೇಳೋದಕ್ಕೆ ಮುಂಚೆ ನಾನು ಬಂದುಬಿಡುತ್ತೇನೆ.

1979ರಲ್ಲಿ ಓಜಿಯನ್ನು ತೆಗೆದರು. ರೇನ್‌ಬೋ ಬ್ಯಾಂಡ್ ಬಿಟ್ಟು ಬಂದಿದ್ದ ಗಾಯಕ ರಾನಿ ಜೇಮ್ಸ್ ಡಿಯೋ ಸೇರಿದರು. ಓಜಿ ಸಾಮಾನ್ಯವಾಗಿ ರಿಫ್ ಹೋದ ದಾರಿಯಲ್ಲೇ ಹಾಡುತ್ತಿದ್ದರು. ‘ಐರನ್ ಮ್ಯಾನ್’ ನೋಡಿ, ಗಿಟಾರ್ ಹೇಳಿದ್ದನ್ನೇ ದನಿ ಹೇಳುತ್ತದೆ. ಡಿಯೋ ಹಾಗಲ್ಲ. ರಿಫ್ ಒಂದು ಕಡೆ ಹೋದರೆ ಅದರ ಮೇಲೆ ತನ್ನದೇ ದಾರಿ ಕಟ್ಟುತ್ತಾರೆ. ಹಾಗಾಗಿ ಅಯೋಮಿಗೂ ಕಾರ್ಡುಗಳನ್ನು ಬೇರೆ ರೀತಿ ಜೋಡಿಸುವ ಸ್ವಾತಂತ್ರ್ಯ ಸಿಕ್ಕಿತು.

1980ರ ‘ಹೆವನ್ ಅಂಡ್ ಹೆಲ್’ಗೆ ಡೀಪ್ ಪರ್ಪಲ್ ಆಲ್ಬಂಗಳನ್ನು ಮಾಡಿದ್ದ ಮಾರ್ಟಿನ್ ಬರ್ಚ್ ನಿರ್ಮಾಪಕ. ಬಹಳ ವರ್ಷಗಳ ಮೇಲೆ ಹೊರಗಿನ ಕಿವಿ ಒಂದು ಸಿಕ್ಕಿತು. ಮಯಾಮಿಯ ಅದೇ ಕ್ರೈಟೀರಿಯಾ, ಆಮೇಲೆ ಪ್ಯಾರಿಸ್ಸಿನ ಸ್ಟುಡಿಯೋ ಫೆರ್ಬೆ. ಮಯಾಮಿ ಹಾಳುಮಾಡಿತು ಅಂದಿರಲ್ಲ, ಅದೇ ಸ್ಟುಡಿಯೋದಿಂದ ಈ ಆಲ್ಬಂ ಬಂತು! ಅಂದರೆ ಊರಿನದೂ ಅಲ್ಲ, ಟೈಮಿನದೂ ಅಲ್ಲ. ಒಟ್ಟಿಗೆ ಕೂತು ಕೆಲಸ ಮಾಡೋ ಮನಸ್ಸಿನ ಪ್ರಶ್ನೆ. ಇದೇ ಬರ್ಚ್ ಆಮೇಲೆ ಐರನ್ ಮೇಡನ್ ಜೊತೆ ಹೋದರು. 2007ರಲ್ಲಿ ಅರಮನೆ ಮೈದಾನದಲ್ಲಿ ಮೇಡನ್ ನೋಡಿದವರು ಇಲ್ಲಿ ಎಷ್ಟೋ ಜನ ಇದ್ದೀರಿ. ಅಂದು ಕೇಳಿದ ಹಳೇ ಹಾಡುಗಳಲ್ಲಿ ಬರ್ಚ್ ಅವರ ಕೈ ಇತ್ತು.

1981ರ ‘ಮಾಬ್ ರೂಲ್ಸ್’ ಹೊತ್ತಿಗೆ ಬಿಲ್ ವಾರ್ಡ್ ಇರಲಿಲ್ಲ, ವಿನಿ ಅಪಿಸ್ ಬಂದಿದ್ದರು. ಆ ಹೆಸರಿನ ಹಾಡನ್ನು ಮೊದಲು ಒಂದು ಸಿನಿಮಾಕ್ಕಾಗಿ ರೆಕಾರ್ಡ್ ಮಾಡಿದ್ದು ಇಂಗ್ಲೆಂಡಿನ ಟಿಟನ್‌ಹರ್ಸ್ಟ್ ಪಾರ್ಕ್‌ನಲ್ಲಿ, ಒಂದು ಕಾಲಕ್ಕೆ ಜಾನ್ ಲೆನನ್ ಇದ್ದ ಮನೆ. ನಂತರ ‘ಲೈವ್ ಈವಿಲ್’ ಅನ್ನೋ ಲೈವ್ ಆಲ್ಬಂ ಮಿಕ್ಸಿಂಗ್ (ಧ್ವನಿಗಳನ್ನು ಬೆರೆಸುವ) ವೇಳೆ ಜಗಳ. ಹಾಡುಗಾರನ ದನಿ ಏರಿಸಿದ್ದು ಯಾರು, ಗಿಟಾರ್ ಇಳಿಸಿದ್ದು ಯಾರು ಅಂತ. ಡಿಯೋ, ಅಪಿಸ್ ಇಬ್ಬರೂ ಹೊರಟುಹೋದರು. 1992ರಲ್ಲಿ ‘ಡಿಹ್ಯೂಮನೈಸರ್’ಗೆ ವಾಪಸ್ ಬಂದರು, 2009ರಲ್ಲಿ ಬ್ಯಾಂಡಿಗೇ ‘ಹೆವನ್ ಅಂಡ್ ಹೆಲ್’ ಅಂತ ಹೆಸರಿಟ್ಟುಕೊಂಡು ಇನ್ನೊಂದು ಆಲ್ಬಂ ಮಾಡಿದರು. 2010ರ ಮೇ 16ಕ್ಕೆ ಡಿಯೋ ಹೋದರು. ನನಗೆ ಆ ದಿನ ಮನೆಯವರೇ ಹೋದಷ್ಟು ಸಂಕಟ ಆಗಿತ್ತು.

ಬಿ_ಸೈಡ್

1983ರ ‘ಬಾರ್ನ್ ಅಗೇನ್’ ಬಗ್ಗೆ ಎರಡು ಸಾಲು. ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಹಾಡಿದ್ದು. ಆಕ್ಸ್‌ಫರ್ಡ್‌ಶೈರ್‌ನ ಮ್ಯಾನರ್ ಸ್ಟುಡಿಯೋ. ಎಲ್ಲರೂ ಮನೆಯೊಳಗೆ ಇದ್ದರೆ ಗಿಲನ್ ಹೊರಗೆ ಟೆಂಟ್ ಹಾಕಿಕೊಂಡಿದ್ದರು. ಹಾಡುಗಳು ಗಟ್ಟಿ ಇವೆ. ಮಿಕ್ಸ್ ಮಾತ್ರ ಕಂಬಳಿ ಹೊದ್ದು ಬಾರಿಸಿದ ಹಾಗಿದೆ. ಆದರೂ ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಹೋಯಿತು. ಬಿಲ್ ವಾರ್ಡ್ ಡ್ರಮ್ಸ್ ಬಾರಿಸಿದ ಕೊನೆಯ ಸ್ಯಾಬತ್ ಸ್ಟುಡಿಯೋ ಆಲ್ಬಂ ಇದೇ.

ವೀಣೆ_ಮನೆ

2013ರಲ್ಲಿ ಬಂದ ‘13’ರಲ್ಲಿ ವಾರ್ಡ್ ಅವರು ಇಲ್ವಾ? ಮಗ ಅದನ್ನು ಮೂಲ ತಂಡ ಮತ್ತೆ ಸೇರಿ ಮಾಡಿದ್ದು ಅಂದಿದ್ದ.

ಟೇಪ್_ರೀಲ್_ಹುಬ್ಬಳ್ಳಿ

ಮೂವರು ಮಾತ್ರ ಮೇಡಂ. 2011ರಲ್ಲಿ ನಾಲ್ವರೂ ಸೇರುತ್ತಾರೆ ಅಂತ ಘೋಷಣೆ ಆಯಿತು. ಆಮೇಲೆ ಕರಾರಿನ ವಿಷಯಕ್ಕೆ ವಾರ್ಡ್ ಹಿಂದೆ ಸರಿದರು. 2012ರ ಜನವರಿಯಲ್ಲಿ ಅಯೋಮಿಗೆ ಲಿಂಫೋಮಾ ಅನ್ನೋ ಕ್ಯಾನ್ಸರ್ ಅಂತ ಗೊತ್ತಾಯಿತು. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಆಲ್ಬಂ ಮಾಡಿದರು. ಡ್ರಮ್ಸ್ ಬಾರಿಸಿದ್ದು ರೇಜ್ ಅಗೇನ್ಸ್ಟ್ ದ ಮಷೀನ್ ಬ್ಯಾಂಡಿನ ಬ್ರಾಡ್ ವಿಲ್ಕ್.

ನಿರ್ಮಾಪಕ ರಿಕ್ ರೂಬಿನ್ ಶುರುವಿನಲ್ಲಿ ಅವರನ್ನೆಲ್ಲ ಕೂರಿಸಿ 1970ರ ಮೊದಲ ಆಲ್ಬಂ ಕೇಳಿಸಿದರು. ಹೆವಿ ಮೆಟಲ್ ಅನ್ನೋದನ್ನು ಮರೆಯಿರಿ, ಆಗ ಹೇಗೆ ಬ್ಲೂಸ್ ಬಾರಿಸುತ್ತಿದ್ದಿರೋ ಹಾಗೆ ಬಾರಿಸಿ ಅಂದರು. ಕೊನೆಯ ಹಾಡಿನ ಕೊನೆಗೆ ಅದೇ ಮಳೆ, ಅದೇ ಗಂಟೆ. ಬ್ರಿಟನ್ನಿನಲ್ಲಿ ‘ಪ್ಯಾರನಾಯ್ಡ್’ ಆದ ಮೇಲೆ 43 ವರ್ಷಕ್ಕೆ 1ನೇ ಸ್ಥಾನ ಸಿಕ್ಕಿತು. ಅಮೆರಿಕದಲ್ಲಿ ಅದೇ ಮೊದಲ ಸಲ.

ಆದರೆ ನನಗೆ ಎರಡು ಕೊರಗು. ಒಂದು, ಧ್ವನಿಯನ್ನು ತೀರಾ ಜೋರು ಮಾಡಿ ಹಿಂಡಿಬಿಟ್ಟಿದ್ದಾರೆ, ಉಸಿರಾಡೋಕೆ ಜಾಗ ಇಲ್ಲ. ಎರಡು, ವಿಲ್ಕ್ ಒಳ್ಳೇ ಡ್ರಮ್ಮರ್, ಆದರೆ ವಾರ್ಡ್ ಅವರ ತೂಗಾಟ ಇಲ್ಲ. ನಾಲ್ವರೂ ಮತ್ತೆ ಒಂದೇ ವೇದಿಕೆ ಮೇಲೆ ನಿಂತದ್ದು 2025ರ ಜುಲೈ 5ಕ್ಕೆ, ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್‌ನಲ್ಲಿ. ಅವರು ಬೆಳೆದ ಆಸ್ಟನ್ನಿನಲ್ಲೇ ಇರುವ ಮೈದಾನ ಅದು. ಅದಾಗಿ ಹದಿನೇಳು ದಿನಕ್ಕೆ ಓಜಿ ತೀರಿಕೊಂಡರು.

ಎಫ್_ಬಾರ್_ಕಾರ್ಡ್

ತಂತಿ ಇಳಿಸಿ ‘ಇಂಟು ದ ವಾಯ್ಡ್’ ಹಿಡಿದೆ ಗುರುಗಳೇ, ಕೂಡಿತು! ಒಂದು ಪ್ರಶ್ನೆ. 1983 ಆದ ಮೇಲೆ ‘13’ರ ತನಕ ಮಧ್ಯದ ವರ್ಷಗಳ ಬಗ್ಗೆ ಯಾರೂ ಜಾಸ್ತಿ ಏನೂ ಹೇಳಲಿಲ್ಲ. ಆಗ ಆಲ್ಬಂ ಮಾಡಲೇ ಇಲ್ವಾ?

ಪುರುಷೋತ್ತರ_ಡಿಯೋ

ಮಾಡಿದರು ತಮ್ಮಾ, ಬೇಕಾದಷ್ಟು. ಆದರೆ ಮೂಲ ತಂಡದಲ್ಲಿ ಹೆಚ್ಚಿನ ಕಾಲ ಅಯೋಮಿ ಒಬ್ಬರೇ ಉಳಿದಿದ್ದರು. 1986ರ ‘ಸೆವೆಂತ್ ಸ್ಟಾರ್’ ಅಯೋಮಿಯ ಸ್ವಂತ ಆಲ್ಬಂ ಆಗಬೇಕಿತ್ತು. ಕಂಪನಿಯ ಒತ್ತಾಯಕ್ಕೆ ಬ್ಯಾಂಡಿನ ಹೆಸರು ಬಂತು. 1987ರ ‘ದ ಇಟರ್ನಲ್ ಐಡಲ್’ ಪೂರ್ತಿ ರೇ ಗಿಲೆನ್ ಹಾಡಿ ಆಗಿತ್ತು. ಅವರು ಹೊರಟುಹೋದರು, ಬರ್ಮಿಂಗ್‌ಹ್ಯಾಮಿನವರೇ ಆದ ಟೋನಿ ಮಾರ್ಟಿನ್ ಬಂದು ಎಲ್ಲ ಹಾಡನ್ನೂ ಮತ್ತೆ ಹಾಡಿದರು.

ಮಾರ್ಟಿನ್ ಐದು ಆಲ್ಬಂ ಹಾಡಿದ್ದಾರೆ. ಆದರೂ ಅವರ ಹೆಸರು ಎಷ್ಟೋ ಅಭಿಮಾನಿಗಳಿಗೇ ಗೊತ್ತಿಲ್ಲ. ಅದಕ್ಕೆ ಕಾರಣ ಸರಳ. ಆ ಆಲ್ಬಂಗಳು ವರ್ಷಗಟ್ಟಲೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ನೆಟ್‌ನಲ್ಲೂ ಸರಿಯಾಗಿ ಇರಲಿಲ್ಲ. 2024ರ ಮೇನಲ್ಲಿ ಅವುಗಳಲ್ಲಿ ನಾಲ್ಕನ್ನು ಸೇರಿಸಿ ‘ಆನೊ ಡೊಮಿನಿ’ ಅಂತ ಒಂದು ಪೆಟ್ಟಿಗೆ ಬಂತು. 1995ರ ‘ಫರ್ಬಿಡನ್’ ಧ್ವನಿ ಬಗ್ಗೆ ಅಯೋಮಿಗೆ ಮೊದಲಿನಿಂದ ಬೇಸರ ಇತ್ತು. ಅದನ್ನು ತಾವೇ ಮತ್ತೆ ಮಿಕ್ಸ್ ಮಾಡಿಸಿ ಆ ಪೆಟ್ಟಿಗೆಯಲ್ಲಿ ಹಾಕಿದರು. ಹಳೆಯದು, ಹೊಸದು ಎರಡನ್ನೂ ಒಂದಾದ ಮೇಲೆ ಒಂದು ಕೇಳಿ. ಹೊಸದರಲ್ಲಿ ಕೋಜಿ ಪೊವೆಲ್ ಅವರ ಡ್ರಮ್ಸ್ ಎದ್ದು ಬರುತ್ತದೆ.

ನೀನು ಮಾತ್ರ 1989ರ ‘ಹೆಡ್‌ಲೆಸ್ ಕ್ರಾಸ್’ನಿಂದ ಶುರು ಮಾಡು. ‘ವೆನ್ ಡೆತ್ ಕಾಲ್ಸ್’ ಹಾಡಿನ ಸೋಲೋ ಅಯೋಮಿಯದಲ್ಲ, ಕ್ವೀನ್ ಬ್ಯಾಂಡಿನ ಬ್ರಯಾನ್ ಮೇ ಅವರದು. ಇಬ್ಬರ ಕೈಯ ವ್ಯತ್ಯಾಸ ನಿನಗೆ ಎಲ್ಲಿ ಕೇಳಿಸಿತು ಅಂತ ಇಲ್ಲೇ ಬರಿ.